ಇಪ್ಪತ್ತನಾಲ್ಕು ಟಿಎಂಸಿಯ ಸುದ್ದಿ

ಎತ್ತಿನಹೊಳೆ ಯೋಜನೆಯ ಬಗ್ಗೆ ಬಂದ ಯಾವ ಸುದ್ದಿಯನ್ನಾದರೂ ತೆಗೆದು ನೋಡಿ, ಮೊದಲ ಎರಡು ಪ್ಯಾರಾದೊಳಗೆ ಒಂದು ಅಂಕಿ ಎದುರಾಗುತ್ತದೆ: 24.01 ಟಿಎಂಸಿ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿಯುವ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟುವುದು, ಮಳೆಗಾಲದ ನೀರನ್ನು ಪಂಪಿನಿಂದ ಮೇಲೆತ್ತುವುದು, ಅಲ್ಲಿಂದ ಕಾಲುವೆಯಲ್ಲಿ ಪೂರ್ವದ ಬಯಲುಸೀಮೆಗೆ ಹರಿಸುವುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೇರಿ ಏಳು ಜಿಲ್ಲೆಗೆ ಕುಡಿಯಲು 14 ಟಿಎಂಸಿ, 527 ಕೆರೆಗಳಿಗೆ ತುಂಬಿಸಲು ಸುಮಾರು 10 ಟಿಎಂಸಿ. ಎರಡೂ ಕೂಡಿದರೆ ಆ 24.01.

ದಶಮಾಂಶದ ಮುಂದಿನ ಆ 01 ನೋಡಿ. ಒಂದು ಟಿಎಂಸಿಯ ನೂರರಲ್ಲೊಂದು ಪಾಲು ಎಂದರೆ 28 ಕೋಟಿ ಲೀಟರ್. ಕಾಡಿನ ನಡುವೆ, ಬಂಡೆಗಳ ಮೇಲೆ ಹಾರಿಕೊಂಡು ಹೋಗುವ ಹಳ್ಳದ ಒಂದು ವರ್ಷದ ನೀರನ್ನು ಅಷ್ಟು ಕರಾರುವಾಕ್ಕಾಗಿ ಹೇಳಬಲ್ಲ ಜಲವಿಜ್ಞಾನಿ ಇನ್ನೂ ಹುಟ್ಟಿಲ್ಲ. ಮಳೆ ಒಂದು ವರ್ಷದಿಂದ ಇನ್ನೊಂದಕ್ಕೆ ಕಾಲುಭಾಗ ಏರುಪೇರಾಗುವ ಊರಿನಲ್ಲಿ ಎರಡು ದಶಮಾಂಶ ಸ್ಥಾನದ ಅಂಕಿ ಅಳತೆಯಿಂದ ಬರುವುದಿಲ್ಲ, ಹಂಚಿಕೆಯ ಪಟ್ಟಿಯಿಂದ ಬರುತ್ತದೆ. ಯಾವ ತಾಲ್ಲೂಕಿಗೆ ಎಷ್ಟು ಬೇಕು ಎಂದು ಕೂಡಿದಾಗ ಬಂದ ಮೊತ್ತ, ಹೊಳೆಯಲ್ಲಿ ಎಷ್ಟಿದೆ ಎಂಬ ಉತ್ತರದ ವೇಷ ತೊಟ್ಟು ಓಡಾಡತೊಡಗಿದರೆ ವರದಿಗಾರ ಮೊದಲು ಅದನ್ನು ನಿಲ್ಲಿಸಿ ಮಾತನಾಡಿಸಬೇಕು.

ಆದರೆ ಆದದ್ದು ಬೇರೆ. ಒಂದು ಕಡೆ ಸರ್ಕಾರ 24 ಟಿಎಂಸಿ ಎಂದಿತು. ಇನ್ನೊಂದು ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಹೋದ್ಯೋಗಿಗಳ ಅಧ್ಯಯನ, ಅಲ್ಲಿ ಸಿಗುವುದು 9.55 ಟಿಎಂಸಿ ಎಂದಿತು. ಪತ್ರಿಕೆಗಳು ಎರಡನ್ನೂ ಅಚ್ಚು ಮಾಡಿದವು. ಸಚಿವರು ಹೀಗೆಂದರು, ವಿಜ್ಞಾನಿ ಹಾಗೆಂದರು. ನಮ್ಮ ದಿನಪತ್ರಿಕೆಗಳಿಗೆ ಜಿಲ್ಲಾ ಆವೃತ್ತಿಗಳಿರುವುದರಿಂದ ಇನ್ನೊಂದು ವಿಚಿತ್ರವೂ ನಡೆಯಿತು: ಕರಾವಳಿಯ ಪುಟದಲ್ಲಿ ಎತ್ತಿನಹೊಳೆಯ ನೀರು ಸೇರುವ ನೇತ್ರಾವತಿಯ ಅಳಲು, ಕೋಲಾರದ ಪುಟದಲ್ಲಿ ನೀರು ಯಾವಾಗ ಬರುತ್ತದೆಂಬ ನಿರೀಕ್ಷೆ. ಎರಡೂ ಊರಿನ ಓದುಗರು ತಮಗೆ ಬೇಕಾದ ಅಂಕಿಯನ್ನೇ ಓದಿದರು. 24 ಮತ್ತು 9.55ರ ನಡುವಿನ ಅಂತರ ಅಭಿಪ್ರಾಯ ಭೇದವಲ್ಲ. ಇವು ಒಂದೇ ಹೊಳೆಯ ಬಗ್ಗೆ ಹೇಳಿದ ಎರಡು ಅಂಕಿಗಳು, ಪರೀಕ್ಷೆಗೆ ಒಡ್ಡಬಹುದಾದವು. ಎರಡೂ ಸರಿ ಇರಲಾರದು.

ಪರೀಕ್ಷೆಗೆ ಪಿಎಚ್.ಡಿ. ಬೇಕಿಲ್ಲ. ಏಳನೇ ತರಗತಿಯ ಗಣಿತ ಸಾಕು.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್. ನೀರು ಎತ್ತುವ ಒಡ್ಡುಗಳ ಮೇಲ್ಭಾಗದ ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್, ಅಂದರೆ 18 ಕೋಟಿ ಚದರ ಮೀಟರ್. ಇಷ್ಟು ಜಾಗದ ಮೇಲೆ ಒಂದು ಮೀಟರ್ ಮಳೆ ಬಿತ್ತೆನ್ನಿ, ಬಿದ್ದ ನೀರು 18 ಕೋಟಿ ಘನ ಮೀಟರ್, 6.36 ಟಿಎಂಸಿ. ಹಾಗಾದರೆ 24 ಟಿಎಂಸಿ ಸಿಗಲು ಎಷ್ಟು ಎತ್ತರದ ನೀರು ಹಳ್ಳಕ್ಕೆ ಬರಬೇಕು? 24ನ್ನು 6.36ರಿಂದ ಭಾಗಿಸಿ. 3.8 ಮೀಟರ್ ಬರುತ್ತದೆ, 3,800 ಮಿಲಿಮೀಟರ್.

ಈ ಜಲಾನಯನದ ಮಳೆ ವರ್ಷಕ್ಕೆ 3,000ದಿಂದ 4,500 ಮಿ.ಮೀ. ಎಂದು ಅದೇ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳುತ್ತದೆ. ಮೂರು ಸಾವಿರದ ಲೆಕ್ಕ ಹಿಡಿದರೆ ಆಕಾಶದಿಂದ ಬೀಳುವ ಒಟ್ಟು ನೀರೇ 19 ಟಿಎಂಸಿ. ಒಂದು ಹನಿ ಮಣ್ಣಿಗೆ ಇಂಗದೆ, ಒಂದು ಎಲೆ ಒಂದು ಹನಿಯನ್ನೂ ಕುಡಿಯದೆ, ಅಷ್ಟೂ ಪಂಪಿಗೆ ಬಂದರೂ 24 ಆಗುವುದಿಲ್ಲ. ನಾಲ್ಕೂವರೆ ಸಾವಿರ ಹಿಡಿದರೆ ಒಟ್ಟು 28.6 ಟಿಎಂಸಿ. ಅದರಲ್ಲಿ 24 ಬೇಕೆಂದರೆ ಬಿದ್ದ ಮಳೆಯ ಶೇ 84 ಭಾಗ ಒಡ್ಡಿಗೆ ಬಂದು ನಿಲ್ಲಬೇಕು, ಅದನ್ನು ಪೂರ್ತಿ ಎತ್ತಬೇಕು, ಒಡ್ಡಿನ ಕೆಳಗೆ ಹೊಳೆಗೆ ಏನೂ ಉಳಿಯಬಾರದು. ನಿತ್ಯಹರಿದ್ವರ್ಣದ ಕಾಡು ವರ್ಷಕ್ಕೆ ಸುಮಾರು ಒಂದು ಮೀಟರಿನಷ್ಟು ನೀರನ್ನು ಗಾಳಿಗೆ ಹಿಂದಿರುಗಿಸುತ್ತದೆ ಎಂಬುದನ್ನು ನೆನೆದರೆ ಈ ಶೇ 84 ತೀರ ಇಕ್ಕಟ್ಟಾಗುತ್ತದೆ.

ಈ ಲೆಕ್ಕಕ್ಕೆ ಹಿಡಿಯುವ ಸಮಯ ಹತ್ತು ನಿಮಿಷ. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಯೋಜನಾ ವೆಚ್ಚ 2014ರಲ್ಲಿ 12,912 ಕೋಟಿಗೂ, 2023ರಲ್ಲಿ 23,251 ಕೋಟಿಗೂ ಏರಿತು. ವೆಚ್ಚ ಏರಿದಾಗಲೆಲ್ಲ ಅದು ಮುಖಪುಟಕ್ಕೆ ಬಂತು, ವಿರೋಧ ಪಕ್ಷದವರು ಕೂಗಿದರು. ಹಣದ ಅಂಕಿ ಬದಲಾಗುತ್ತಲೇ ಇದ್ದಾಗ ನೀರಿನ ಅಂಕಿ ಮಾತ್ರ ಅಲುಗಾಡದೆ ಕೂತಿತ್ತು. ನನಗೆ ಇದರಲ್ಲಿ ಅನುಮಾನ ಹುಟ್ಟಿಸುವುದು ಏರಿದ ವೆಚ್ಚಕ್ಕಿಂತ ಹೆಚ್ಚಾಗಿ ಏರದ, ಇಳಿಯದ ನೀರು.

ಇಷ್ಟಕ್ಕೇ ಸುದ್ದಿ ಬರೆದುಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ನಮ್ಮ ಲೆಕ್ಕದಲ್ಲಿ ಅಳೆದ ವಸ್ತು ಯಾವುದು, ಊಹಿಸಿದ ವಸ್ತು ಯಾವುದು? ಜಲಾನಯನದ ವಿಸ್ತೀರ್ಣ ನಕ್ಷೆಯಿಂದ ಬರುವುದು, ಅದರಲ್ಲಿ ದೊಡ್ಡ ತಪ್ಪಾಗದು. ಗೊಂದಲ ಇರುವುದು ಮಳೆಯಲ್ಲಿ.

ಸರ್ಕಾರಿ ಮಳೆಮಾಪಕವನ್ನು ದೇಶದೆಲ್ಲೆಡೆ ಬೆಳಿಗ್ಗೆ ಎಂಟೂವರೆಗೆ ಓದುತ್ತಾರೆ. ಆದರೆ ಘಟ್ಟದ ಮಳೆ ಪಟ್ಟಣದಲ್ಲಿ ಮಾಪಕ ನೆಟ್ಟು ಕಾಯುವವರಿಗೆ ಸಿಗುವಂಥದಲ್ಲ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟದ ಗೋಡೆ ಹತ್ತುವಾಗ ತಣ್ಣಗಾಗಿ ಅಂಚಿನಲ್ಲೇ ಸುರಿದುಬಿಡುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಪೂರ್ವಕ್ಕೆ ಸರಿಯುವಷ್ಟರಲ್ಲಿ ಮಳೆ ಅರ್ಧಕ್ಕೆ ಇಳಿದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ ತೀರ್ಥಹಳ್ಳಿಗೆ ಬರುವುದಿಲ್ಲ. ಹಾಗೆಯೇ ಸಕಲೇಶಪುರ ಪೇಟೆಯ ಮಳೆಗೂ ಶಿರಾಡಿಯ ನೆತ್ತಿಯ ಮಳೆಗೂ ಅಜಗಜಾಂತರ. ಗಾಳಿ ಬೀಸುವಾಗ ಮಾಪಕದ ಬಾಯಿಗೆ ಹನಿ ಸರಿಯಾಗಿ ಬೀಳದೆ ಅಳತೆ ಕಡಿಮೆ ಬರುವುದೂ ಉಂಟು. ಆದ್ದರಿಂದ ಕಾಡಿನೊಳಗೆ ನಿಜವಾಗಿ ಬಿದ್ದದ್ದು ದಾಖಲೆಗಿಂತ ಹೆಚ್ಚಿರಬಹುದು ಎಂದು ನೀರಾವರಿ ಎಂಜಿನಿಯರ್ ವಾದಿಸಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಇಲ್ಲಿ ವರದಿಗಾರನಿಗೆ ಒಂದು ದಾರಿ ಇದೆ, ಅದನ್ನು ಹಿಡಿದವರು ಕಡಿಮೆ. ಮಲೆನಾಡಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಬರೆದಿಡುವ ರೂಢಿ ಇದೆ. ಬೆಳಿಗ್ಗೆ ತೋಟದ ರೈಟರು ಅಳತೆಯ ಗಾಜಿನಲ್ಲಿ ನೋಡಿ 'ಮೂರು ಇಂಚು ನಲವತ್ತು ಸೆಂಟು' ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಹೂವರಳಿಸುವ ಹೂಮಳೆ ಎಷ್ಟಾಯಿತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟಾಯಿತು ಎಂಬುದರ ಮೇಲೆ ಅವರ ವರ್ಷದ ಫಸಲು ನಿಂತಿರುವುದರಿಂದ ಈ ಪುಸ್ತಕದಲ್ಲಿ ಸುಳ್ಳು ಬರೆದು ಯಾರಿಗೂ ಲಾಭವಿಲ್ಲ. ಯೋಜನೆಯ ಪರ-ವಿರೋಧ ಎರಡಕ್ಕೂ ಸಂಬಂಧವಿಲ್ಲದೆ, ವಿವಾದ ಹುಟ್ಟುವ ಮೊದಲೇ ಬರೆದಿಟ್ಟ ದಾಖಲೆ. ಜಲಾನಯನದ ನಾಲ್ಕೈದು ತೋಟಗಳ ಇಪ್ಪತ್ತು ವರ್ಷದ ಪುಸ್ತಕ ಪಕ್ಕಪಕ್ಕ ಇಟ್ಟರೆ ಮೂರು ಸಾವಿರವೋ ನಾಲ್ಕೂವರೆ ಸಾವಿರವೋ ಎಂಬ ಜಗಳಕ್ಕೆ ಒಂದು ಅಂದಾಜು ಸಿಕ್ಕೇ ಸಿಗುತ್ತದೆ.

ಈಗ ಅದೇ ತಕ್ಕಡಿಯಲ್ಲಿ ಇನ್ನೊಂದು ಅಂಕಿಯನ್ನೂ ಇಡೋಣ. 9.55 ಟಿಎಂಸಿಯನ್ನು 6.36ರಿಂದ ಭಾಗಿಸಿದರೆ ಒಂದೂವರೆ ಮೀಟರ್. ಅಂದರೆ ಬಿದ್ದ ಮೂರರಿಂದ ನಾಲ್ಕೂವರೆ ಮೀಟರ್ ಮಳೆಯಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಮಾತ್ರ ಹಳ್ಳಕ್ಕೆ ಬರುತ್ತದೆ ಎಂದಾಯಿತು. ಜುಲೈ ತಿಂಗಳಲ್ಲಿ ಮಣ್ಣು ಪೂರ್ತಿ ನೆನೆದು, ಇಳಿಜಾರಿನಲ್ಲಿ ಹೆಜ್ಜೆಗೊಂದು ಒರತೆ ಎದ್ದಿರುವ ಘಟ್ಟದಲ್ಲಿ ಇದು ಕಡಿಮೆಯಾಯಿತಲ್ಲವೇ ಎಂದು ಕೇಳುವ ಹಕ್ಕು ವರದಿಗಾರನಿಗಿದೆ. ಉಳಿದ ನೀರು ಎಲ್ಲಿ ಹೋಯಿತು? ಮರಗಳು ಬಳಸಿದ್ದು ಎಷ್ಟು, ನೆಲಕ್ಕೆ ಇಂಗಿದ್ದು ಎಷ್ಟು? ಇಂಗಿದ ನೀರು ಅಕ್ಟೋಬರ್‌ನಿಂದ ನಿಧಾನವಾಗಿ ಅದೇ ಹಳ್ಳಕ್ಕೆ ಒಸರುತ್ತದೆ, ಅದನ್ನು 9.55ರಲ್ಲಿ ಸೇರಿಸಿದ್ದೀರೋ ಬಿಟ್ಟಿದ್ದೀರೋ? ಈ ಪ್ರಶ್ನೆ ಕೇಳಿದರೆ ವಿಜ್ಞಾನಿಗೆ ಅವಮಾನವಾಗುವುದಿಲ್ಲ. ಲೆಕ್ಕ ಮಾಡಿದವರು ಇಂಥ ಪ್ರಶ್ನೆಗೇ ಕಾಯುತ್ತಿರುತ್ತಾರೆ, ಪತ್ರಿಕಾಗೋಷ್ಠಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಅಷ್ಟೆ. 'ವಿಜ್ಞಾನಿ ಹೇಳಿದ್ದಾರೆ' ಎಂಬುದು ಸಾಕ್ಷ್ಯವಲ್ಲ. ಅವರು ಹೇಳಿದ್ದಕ್ಕೆ ತಳಹದಿಯಾದ ಅಳತೆ ಸಾಕ್ಷ್ಯ.

ನನ್ನ ಲೆಕ್ಕದಲ್ಲಿ 9.55 ಜಿಪುಣನ ಅಂದಾಜು ಇರಬಹುದು, 24 ಧಾರಾಳಿಯ ಅಂದಾಜು ಖಂಡಿತ. ಆದರೆ ಎರಡೂ ಸಮಸಮ ಎಂದು ಇದರ ಅರ್ಥವಲ್ಲ. ಒಂದರಲ್ಲಿ ನೀರು ಇನ್ನಷ್ಟು ಇರಬಹುದು ಎಂಬ ಸಂದೇಹ. ಇನ್ನೊಂದರಲ್ಲಿ ಬಿದ್ದ ಮಳೆಯೇ ಸಾಲುವುದಿಲ್ಲ ಎಂಬ ಸಂದೇಹ. ಎರಡು ಬದಿಗೂ ಸಮನಾಗಿ ಸಾಲು ಹಂಚಿ ನಿಷ್ಪಕ್ಷಪಾತಿ ಎನಿಸಿಕೊಳ್ಳುವ ಪತ್ರಿಕೆಯ ಅಭ್ಯಾಸ ಇಂಥ ಕಡೆ ಓದುಗರಿಗೆ ಮೋಸ ಮಾಡುತ್ತದೆ. ಚುನಾವಣಾ ಸುದ್ದಿಯಲ್ಲಿ ಆ ಅಭ್ಯಾಸ ಸರಿ. ಹೊಳೆಯ ನೀರಿಗೆ ಪಕ್ಷವಿಲ್ಲ.

ಟಿಎಂಸಿಯ ಸುದ್ದಿ ಬರೆಯುವಾಗ ಇನ್ನೊಂದು ಕಡೆ ನಾವು ಎಡವುತ್ತೇವೆ. 'ಎಷ್ಟು ನೀರು' ಎಂಬ ಪ್ರಶ್ನೆಯ ಬಾಲಕ್ಕೆ 'ಎಷ್ಟು ವರ್ಷಗಳಲ್ಲಿ' ಎಂಬುದು ಅಂಟಿಕೊಂಡಿರುತ್ತದೆ. ಕೃಷ್ಣಾ ನದಿಯನ್ನೇ ನೋಡಿ. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 47 ವರ್ಷಗಳ ಹರಿವಿನ ಒಂದೇ ಸರಣಿಯಿಂದ ಮೂರು ಅಂಕಿ ತೆಗೆಯಿತು. ನೂರರಲ್ಲಿ 75 ವರ್ಷ ಸಿಗುವ ನೀರು 2,173 ಟಿಎಂಸಿ. ನೂರರಲ್ಲಿ 65 ವರ್ಷ ಸಿಗುವುದು 2,293. ಸರಾಸರಿ 2,578. ನದಿ ಒಂದು, ಅಳತೆ ಒಂದು, ಅಂಕಿ ಮೂರು. ಮೂರೂ ನಿಜ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹಂಚಿದ 740 ಟಿಎಂಸಿ ಶೇ 50ರ ಲೆಕ್ಕದ್ದು, ಅಂದರೆ ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ಇರುವುದೇ ಇಲ್ಲ. ಆ ಒಂದು ವಾಕ್ಯವನ್ನು ಸುದ್ದಿಯಲ್ಲಿ ಸೇರಿಸಿದ್ದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಮಂಡ್ಯದಲ್ಲೂ ತಂಜಾವೂರಿನಲ್ಲೂ ಎಷ್ಟೋ ಮಾತು ತಣ್ಣಗಿರುತ್ತಿತ್ತು. ಎತ್ತಿನಹೊಳೆಯ 24 ಎಷ್ಟು ವರ್ಷಕ್ಕೊಮ್ಮೆಯ 24? ಕುಡಿಯುವ ನೀರಿಗೆ ನಾವು ಬಯಸುವುದು ಪ್ರತಿ ವರ್ಷವೂ ತಪ್ಪದೆ ಬರುವ ನೀರು. ಹೊಲಕ್ಕೆ ಒಂದು ವರ್ಷ ತಪ್ಪಿದರೆ ಬೆಳೆ ಹೋಗುತ್ತದೆ. ನಲ್ಲಿಗೆ ತಪ್ಪಿದರೆ ಊರು ಟ್ಯಾಂಕರಿನ ಹಿಂದೆ ಓಡುತ್ತದೆ.

ವಿರೋಧಿಗಳ ಮಾತಿಗೂ ಇದೇ ಅಳತೆಗೋಲು ಹಿಡಿಯಬೇಕು. ಹೋರಾಟದ ದಿನಗಳಲ್ಲಿ ಕರಾವಳಿಯಲ್ಲಿ ಪದೇ ಪದೇ ಕೇಳಿದ ಮಾತು, ನೇತ್ರಾವತಿ ಬತ್ತಿಹೋಗುತ್ತದೆ ಎಂಬುದು. ಎತ್ತಿನಹೊಳೆಯ ನೀರು ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಬಂಟ್ವಾಳದವರೆಗಿನ ನೇತ್ರಾವತಿಯ ಜಲಾನಯನ ಮೂರು ಸಾವಿರ ಚದರ ಕಿಲೋಮೀಟರಿಗೂ ಮೇಲು. ನಮ್ಮ 180 ಅದರಲ್ಲಿ ಶೇ 6ರಷ್ಟು. ಘಟ್ಟದ ತಲೆಯಲ್ಲಿ ಮಳೆ ಹೆಚ್ಚು ಎಂದು ಇನ್ನಷ್ಟು ಸೇರಿಸಿದರೂ ಮಳೆಗಾಲದ ಈ ಪಾಲು ಹೋದರೆ ಬಂಟ್ವಾಳದಲ್ಲಿ ನದಿ ಬತ್ತುವುದಿಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ಸಾಲದೆ 2016ರಲ್ಲೂ 2019ರಲ್ಲೂ ಪಾಳಿಯ ಮೇಲೆ ಬಿಡಬೇಕಾಯಿತು. ಅದನ್ನು ಎತ್ತಿನಹೊಳೆಯ ಮುನ್ಸೂಚನೆ ಎಂದು ಹಲವರು ತೋರಿಸಿದರು. ಆದರೆ ಆ ವರ್ಷಗಳಲ್ಲಿ ಘಟ್ಟದಿಂದ ಒಂದು ಕೊಡ ನೀರೂ ಪೂರ್ವಕ್ಕೆ ಹೋಗಿರಲಿಲ್ಲ. ಕಾರಣ ಬರುವ ಮೊದಲೇ ಪರಿಣಾಮ ಬಂದಿದ್ದರೆ ಕಾರಣ ಬೇರೆಲ್ಲೋ ಇದೆ ಎಂದರ್ಥ. ಒಂದು ತಾರೀಕು ನೋಡಿದರೆ ಬಿದ್ದುಹೋಗುವ ವಾದಗಳು ಎರಡೂ ಪಾಳೆಯದಲ್ಲಿ ಇರುತ್ತವೆ.

ಹಾಗೆಂದು ಹಾನಿಯೇ ಇಲ್ಲವೆಂದಲ್ಲ. ದೂರದಲ್ಲಿ ಶೇ 6 ಆದದ್ದು ಒಡ್ಡಿನ ಬುಡದಲ್ಲಿ ಶೇ 100 ಆಗಬಹುದು. ಒಡ್ಡಿನ ಕೆಳಗಿನ ಕೆಲವು ಕಿಲೋಮೀಟರ್ ಹಳ್ಳದಲ್ಲಿ ಇರುವ ಮೀನು, ಕಪ್ಪೆ, ಅದನ್ನೇ ನಂಬಿದ ತೋಟ ಇವುಗಳಿಗೆ ಬಂಟ್ವಾಳದ ಸರಾಸರಿ ಏನೂ ಹೇಳುವುದಿಲ್ಲ. ವಿಜ್ಞಾನ ಸಂಸ್ಥೆಯ ಅಧ್ಯಯನವೂ ಒತ್ತಿ ಹೇಳಿದ್ದು ಇದನ್ನೇ: ಸಿಗುವ ನೀರಿನಲ್ಲಿ ಸ್ಥಳೀಯ ಕೃಷಿ, ಜಾನುವಾರು, ಮನೆಬಳಕೆ, ಹಳ್ಳದ ಮೀನು ಇವಕ್ಕೆ ಬಿಡಬೇಕಾದ್ದನ್ನು ಕಳೆದರೆ ಹೊರಗೆ ಕೊಡಲು ಉಳಿಯುವುದು ಅತ್ಯಲ್ಪ ಎಂದು. ಪತ್ರಿಕೆಗಳ ತಲೆಬರಹಕ್ಕೆ 9.55 ಬಂತು, ಈ ಕಳೆಯುವ ಲೆಕ್ಕ ಬರಲಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಯನದ ತಿರುಳು ಅಲ್ಲೇ ಇತ್ತು. 'ನೇತ್ರಾವತಿ ಸಾಯುತ್ತದೆ' ಎಂಬ ದೊಡ್ಡ ಮಾತಿನ ಗದ್ದಲದಲ್ಲಿ 'ಈ ಹಳ್ಳ ಸಾಯುತ್ತದೆ' ಎಂಬ ನಿಜವಾದ, ಸಣ್ಣ ಮಾತು ಮುಳುಗಿತು.

ಇನ್ನೊಂದು ಮಾತಂತೂ ಸುದ್ದಿಯ ಭಾಷೆಯಲ್ಲೇ ಕರಗಿಹೋಗಿದೆ: 'ವ್ಯರ್ಥವಾಗಿ ಸಮುದ್ರ ಸೇರುವ ನೀರು'. ವರದಿಗಾರ ಇದನ್ನು ಸಚಿವರ ಉದ್ಧರಣೆಯೊಳಗೆ ಇಡದೆ ತನ್ನದೇ ವಾಕ್ಯದಲ್ಲಿ ಬರೆದುಬಿಡುತ್ತಾನೆ. ಮಳೆಗಾಲದ ನದಿ ಕಡಲಿಗೆ ಒಯ್ಯುವುದು ಬರಿ ನೀರಲ್ಲ. ಮೆಕ್ಕಲು ಮಣ್ಣು, ಕಾಡಿನ ಕೊಳೆತ ಎಲೆಯ ಸತ್ವ, ಅಳಿವೆಯ ಮರಿಮೀನಿಗೆ ಬೇಕಾದ ಉಣಿಸು. ಅಳಿವೆಯೊಳಗೆ ಉಪ್ಪುನೀರು ಎಷ್ಟು ಮೇಲೆ ಏರಬೇಕೆಂಬುದನ್ನು ತೀರ್ಮಾನಿಸುವುದೂ ಈ ಹರಿವೇ. ಈ ಲಾಭವನ್ನು ಬಿಟ್ಟುಕೊಟ್ಟು ಬಯಲುಸೀಮೆಯ ಬಾಯಾರಿಕೆ ತಣಿಸೋಣ ಎಂದು ಒಂದು ಸಮಾಜ ತೀರ್ಮಾನಿಸಬಹುದು. ಅದು ತೂಗಿನೋಡಿ ಮಾಡಿದ ಆಯ್ಕೆ. ಆದರೆ ಒಂದು ತಟ್ಟೆಯಲ್ಲಿ ಏನೂ ಇಲ್ಲ ಎಂದು ಸುದ್ದಿಯೇ ಹೇಳಿಬಿಟ್ಟರೆ ತೂಗುವುದು ಏನನ್ನು?

ಇನ್ನು ಬಾಯಾರಿಕೆಯ ಬದಿ. ಘಟ್ಟದ ಪರಿಸರದ ಬಗ್ಗೆ ಬರೆಯುವ ನಮ್ಮಂಥವರು ಇಲ್ಲಿ ಬೇಗ ದಾಟಿಹೋಗುತ್ತೇವೆ, ಅದು ಅನ್ಯಾಯ. ಕೋಲಾರಕ್ಕೆ ಜೀವನದಿಯಿಲ್ಲ. ಅಂತರ್ಜಲದ ಸರ್ಕಾರಿ ಸಮೀಕ್ಷೆಗಳಲ್ಲಿ ಅಲ್ಲಿನ ತಾಲ್ಲೂಕುಗಳು ಬಹುಕಾಲದಿಂದ 'ಅತಿಬಳಕೆ'ಯ ಪಟ್ಟಿಯಲ್ಲೇ ಇವೆ. ವರ್ಷದಲ್ಲಿ ಇಂಗುವುದಕ್ಕಿಂತ ಎತ್ತುವುದು ಹೆಚ್ಚು. ಸಾವಿರ ಅಡಿ ದಾಟಿದ ಕೊಳವೆಬಾವಿಯಲ್ಲಿ ಬರುವ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮಾನದಂಡ, ದಾಟಿದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದುಕಲೆ ಮೂಡುತ್ತದೆ. ಇದೂ ವೈಜ್ಞಾನಿಕ ಸಾಕ್ಷ್ಯವೇ. ಎತ್ತಿನಹೊಳೆಯಲ್ಲಿ 24 ಟಿಎಂಸಿ ಇಲ್ಲವೆಂದು ತೋರಿಸಿದ ಮಾತ್ರಕ್ಕೆ ಕೋಲಾರದ ಅಗತ್ಯ ಸುಳ್ಳಾಗುವುದಿಲ್ಲ. ಅಗತ್ಯ ನಿಜವಾದ ಮಾತ್ರಕ್ಕೆ ಹೊಳೆಯಲ್ಲಿ ನೀರು ಹೆಚ್ಚಾಗುವುದೂ ಇಲ್ಲ. ಈ ಎರಡನ್ನು ಬೆಸೆದು ಮಾತನಾಡುವುದು ರಾಜಕಾರಣಿಯ ಕಸುಬು. ಬಿಡಿಸಿ ತೋರಿಸುವುದು ವರದಿಗಾರನದು.

ಕೋಲಾರಕ್ಕೆ ಬೇರೊಂದು ನೀರು ಬಂದೂ ಆಯಿತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು, ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಕೆ.ಸಿ. ವ್ಯಾಲಿ ಯೋಜನೆ. ವರ್ಷಪೂರ್ತಿ ಆ ಲೆಕ್ಕದಲ್ಲಿ ಹರಿದರೆ 5.7 ಟಿಎಂಸಿ. (ಬೆಂಗಳೂರಿನ ಬಚ್ಚಲು ಮಳೆ ನೋಡಿಕೊಂಡು ಹರಿಯುವುದಿಲ್ಲ, ಬರಗಾಲದಲ್ಲೂ ಹರಿಯುತ್ತದೆ. ಶೇ 50, ಶೇ 75 ಎಂಬ ತಾಪತ್ರಯ ಇದಕ್ಕಿಲ್ಲ.) 2018ರ ಬೇಸಿಗೆಯ ಕೊನೆಗೆ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ಅಲ್ಲಿ ಬಿಳಿನೊರೆ ಎದ್ದಿತು. ನೊರೆಯ ಚಿತ್ರ ಎಲ್ಲೆಡೆ ಹರಡಿತು, ಹೈಕೋರ್ಟು ತಡೆ ಕೊಟ್ಟಿತು, ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಕೆಲವು ತಿಂಗಳ ಬಳಿಕ ಮತ್ತೆ ನೀರು ಹರಿಯಿತು.

ನೊರೆಯ ಚಿತ್ರಕ್ಕಿಂತ ಬಲವಾದ ಸಾಕ್ಷ್ಯ ಸಾಮಾನ್ಯ ಓದುಗನಿಗೆ ಇನ್ನೊಂದಿಲ್ಲ. ಆದರೆ ಅದು ಯಾವುದಕ್ಕೆ ಸಾಕ್ಷಿ? ಸಾಬೂನುಪುಡಿಯ ಅಂಶ ಪೂರ್ತಿ ಹೋಗಿಲ್ಲ ಎಂಬುದಕ್ಕೆ, ನೀರು ಎತ್ತರದಿಂದ ಬಿದ್ದು ಕದಡಿದೆ ಎಂಬುದಕ್ಕೆ. ಸೀಸ, ಕ್ಯಾಡ್ಮಿಯಂ, ನೈಟ್ರೇಟ್, ರೋಗಾಣು ಇವು ಎಷ್ಟಿವೆ ಎಂದು ನೊರೆ ಹೇಳಲಾರದು. ಮುಖ್ಯವಾಗಿ, ನೊರೆ ಇಂಗಿಹೋದ ದಿನ ನೀರು ಶುದ್ಧವಾಯಿತು ಎಂದೂ ಹೇಳಲಾರದು. ಕ್ಯಾಮೆರಾ ಹೊರಟುಹೋಗುವುದು ಮಾತ್ರ ಆ ದಿನವೇ. ಮಾದರಿ ತೆಗೆದದ್ದು ಸಂಸ್ಕರಣಾ ಘಟಕದ ಬಾಯಲ್ಲೋ, ಕೆರೆಯಲ್ಲೋ, ಕೆರೆಯ ಕೆಳಗಿನ ರೈತನ ಕೊಳವೆಬಾವಿಯಲ್ಲೋ? ಒಂದು ಬಾಟಲಿಯೋ, ದಿನವಿಡೀ ಗಂಟೆಗೊಮ್ಮೆ ತೆಗೆದದ್ದೋ? ಆ ಕೊಳವೆಬಾವಿಯ ನೀರು 2018ಕ್ಕಿಂತ ಮೊದಲು ಹೇಗಿತ್ತು? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದೆ 'ಕೆ.ಸಿ. ವ್ಯಾಲಿಯಿಂದ ಅಂತರ್ಜಲ ಕೆಟ್ಟಿತು' ಎಂದೂ ಬರೆಯುವಂತಿಲ್ಲ, 'ಏನೂ ಆಗಿಲ್ಲ' ಎಂದೂ ಬರೆಯುವಂತಿಲ್ಲ. ಕೆರೆಗಳ ಸುತ್ತ ಅಂತರ್ಜಲ ಮೇಲೆದ್ದಿದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ, ರೈತರೂ ಹೇಳುತ್ತಾರೆ. ಅದು ಎಷ್ಟು ನೀರು ಎಂಬುದಕ್ಕೆ ಉತ್ತರ. ಎಂಥ ನೀರು ಎಂಬುದಕ್ಕಲ್ಲ. ಸಭೆಗಳಲ್ಲಿ ಮೊದಲನೆಯದನ್ನು ಹೇಳಿ ಎರಡನೆಯದರ ಬಾಯಿ ಮುಚ್ಚಿಸುವುದನ್ನು ಧಾರಾಳವಾಗಿ ನೋಡಬಹುದು.

ತಜ್ಞರ ವಿಷಯಕ್ಕೆ ಒಂದು ಮಾತು. ನಮ್ಮ ಡೆಸ್ಕುಗಳಲ್ಲಿ 'ತಜ್ಞರೊಬ್ಬರ ಕೋಟ್ ಹಾಕಿ' ಎಂಬುದು ಉಪ್ಪಿನಕಾಯಿ ಬಡಿಸಿದಷ್ಟು ಸಲೀಸು. ಅಣೆಕಟ್ಟು ಕಟ್ಟಿ ನಿವೃತ್ತರಾದ ಎಂಜಿನಿಯರ್ ಕಾಂಕ್ರೀಟಿನ ತಜ್ಞ. ಹಳ್ಳದ ಮೀನಿನ ಬಗ್ಗೆ ಅವರಿಗೆ ನನ್ನಷ್ಟೇ ಗೊತ್ತು. ಕಾಡಿನ ಕಪ್ಪೆ ಬಲ್ಲವರು ಪಂಪಿನ ಸಾಮರ್ಥ್ಯದ ಬಗ್ಗೆ ಹೇಳಿದ್ದನ್ನು ಅದೇ ಗೌರವದಿಂದ ಅಚ್ಚು ಮಾಡಬೇಕಿಲ್ಲ. ಪ್ರಶ್ನೆಗೆ ತಕ್ಕ ತಜ್ಞರನ್ನು ಹುಡುಕಬೇಕು, ಅವರ ಬಳಿ 'ನಿಮ್ಮ ಅಭಿಪ್ರಾಯವೇನು' ಎಂದು ಕೇಳುವ ಬದಲು 'ಯಾವ ಅಳತೆ ಸಿಕ್ಕರೆ ನೀವು ಅಭಿಪ್ರಾಯ ಬದಲಿಸುತ್ತೀರಿ' ಎಂದು ಕೇಳಬೇಕು. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರ ಮಾತಿಗೆ ತೂಕ ಹೆಚ್ಚು ಎಂಬುದು ನನ್ನ ಅನುಭವ.

ವಿವಾದದಲ್ಲಿ ಅಳೆದು ತೀರ್ಮಾನಿಸಲಾಗದ ಭಾಗವೂ ಇದೆ. ಘಟ್ಟದ ಹಳ್ಳದ ಮೇಲೆ ಮೊದಲ ಹಕ್ಕು ಯಾರದು, 23 ಸಾವಿರ ಕೋಟಿಯನ್ನು ಕಾಲುವೆಗೆ ಸುರಿಯಬೇಕೋ ಕೆರೆ ಹೂಳೆತ್ತಲು ಕೊಡಬೇಕೋ ಎಂಬುದಕ್ಕೆ ಯಾವ ಮಾಪಕವೂ ಇಲ್ಲ. ಅದನ್ನು ವಿಧಾನಸೌಧದಲ್ಲಿ, ಊರಿನ ಸಭೆಯಲ್ಲಿ ಜನರೇ ತೀರ್ಮಾನಿಸಬೇಕು. ವಿಜ್ಞಾನದ ಹೆಸರಿನಲ್ಲಿ ಆ ಚರ್ಚೆಯನ್ನು ಮುಗಿಸಲು ಹೊರಟ ವರದಿ, ಚರ್ಚೆಯ ಹೆಸರಿನಲ್ಲಿ ಲೆಕ್ಕವನ್ನು ಮರೆಸಲು ಹೊರಟ ವರದಿಯಷ್ಟೇ ಕೆಟ್ಟದ್ದು.

2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಸಕಲೇಶಪುರದಲ್ಲಿ ಮೊದಲ ಹಂತದ ಪಂಪುಗಳು ಓಡಿದವು. ಮುಂದಿನ ಕಾಲುವೆ ಮುಗಿಯದಿದ್ದರಿಂದ ಎತ್ತಿದ ನೀರನ್ನು ತಾತ್ಕಾಲಿಕವಾಗಿ ವೇದಾವತಿ ಕಣಿವೆಯ ಮೂಲಕ ಚಿತ್ರದುರ್ಗದ ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಅಲ್ಲಿಗೆ ಅಂದಾಜಿನ ಕಾಲ ಮುಗಿಯಿತು. ಇನ್ನು ಮುಂದೆ ಮಾದರಿ, ಗುಣಾಂಕ ಎಂದು ಕಾದಾಡಬೇಕಿಲ್ಲ. ಪ್ರತಿ ಪಂಪ್‌ಹೌಸಿನಲ್ಲೂ ಪಂಪು ಓಡಿದ ಗಂಟೆ ಬರೆದಿಡುವ ಲಾಗ್ ಪುಸ್ತಕ ಇರುತ್ತದೆ. ಎಂಟು ಒಡ್ಡುಗಳ ದಿನದ ಹರಿವು, ಒಡ್ಡು ದಾಟಿ ಕೆಳಗೆ ಬಿಟ್ಟ ನೀರು, ಮೇಲೆ ತೊಟ್ಟಿಗೆ ಬಂದು ಬಿದ್ದ ನೀರು ಇವಿಷ್ಟನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು.

ನೀರಿನ ಪುಸ್ತಕವನ್ನು ನಂಬದಿದ್ದರೆ ಇನ್ನೊಂದು ಪುಸ್ತಕವಿದೆ. ಒಂದು ಟಿಎಂಸಿ ನೀರನ್ನು ನೂರು ಮೀಟರ್ ಮೇಲೆತ್ತಲು, ಒಂದಿಷ್ಟೂ ಸೋರಿಕೆ ಇಲ್ಲದಿದ್ದರೆ, 77 ಲಕ್ಷ ಯೂನಿಟ್ ವಿದ್ಯುತ್ ಬೇಕು. ಭೌತವಿಜ್ಞಾನದ ಈ ಲೆಕ್ಕವನ್ನು ಯಾವ ಸರ್ಕಾರವೂ ತಿದ್ದಲಾರದು. ಪಂಪು, ಕೊಳವೆಯ ನಷ್ಟ ಸೇರಿಸಿದರೆ ಸುಮಾರು ಒಂದು ಕೋಟಿ ಯೂನಿಟ್. ಎಷ್ಟು ಎತ್ತರಕ್ಕೆ ಎತ್ತುತ್ತಾರೆಂಬುದು ಯೋಜನೆಯ ನಕ್ಷೆಯಲ್ಲಿದೆ, ಎಷ್ಟು ಯೂನಿಟ್ ಉರಿಯಿತೆಂಬುದು ವಿದ್ಯುತ್ ಕಂಪನಿಯ ಬಿಲ್ಲಿನಲ್ಲಿದೆ. ಭಾಗಿಸಿದರೆ ಟಿಎಂಸಿ ಬರುತ್ತದೆ. ನೀರಾವರಿ ನಿಗಮ ಬರೆದ ನೀರಿಗೂ ಬಿಲ್ಲಿನಿಂದ ತೆಗೆದ ನೀರಿಗೂ ತಾಳೆಯಾದರೆ ಅದೊಂದು ಸುದ್ದಿ, ಆಗದಿದ್ದರೆ ಇನ್ನೂ ದೊಡ್ಡ ಸುದ್ದಿ. ಜೂನ್‌ನಿಂದ ನವೆಂಬರ್‌ವರೆಗಿನ ಆರು ಬಿಲ್ಲು ಸಾಕು. ಅರ್ಜಿಯ ಶುಲ್ಕ ಹತ್ತು ರೂಪಾಯಿ.